ಬಾಸೆಲ್ ಮಿಶನರಿಗಳ ದಿನಚರಿಯೂ ಕನ್ನಡ ವಿದ್ವತ್ತೂ

೧. ಪ್ರಸ್ತಾವನೆ

ಕನ್ನಡ ಭಾಷೆಯ ಅಭ್ಯಾಸಿಗಳಿಗೆ ಬಾಸೆಲ್ ಮಿಶನ್ನಿನ ಹೆಸರು ಅಪರಿಚಿತವಲ್ಲ. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’, ೧೮೪೮ರಿಂದ ಮುಂದಕ್ಕೆ ಕಲ್ಲಚ್ಚಿನಲ್ಲಿ ಪ್ರಕಟವಾದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಗ್ರಂಥಮಾಲೆ, ೧೮೭೨ರ ‘ಶಬ್ದಮಣಿದರ್ಪಣ’ದ ಮುದ್ರಣ, ೧೮೯೪ರ ಕಿಟ್ಟೆಲ್ ನಿಘಂಟು ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಕನ್ನಡ ಸಂಶೋಧನೆಯ ಚರಿತ್ರೆ ಬೇರೆ ಬಗೆಯಾಗಿರುತ್ತಿದ್ದಿತು. ಆದರೆ ಇವನ್ನು ಸಿದ್ಧಪಡಿಸಿದವರು ವೃತ್ತಿಯಿಂದ ಭಾಷಾಶಾಸ್ತ್ರಜ್ಞರಾಗಿರಲಿಲ್ಲ. ವಿಶ್ವವಿದ್ಯಾಲಯದ ಪೀಠವು ಅವರಿಗೆ ಇರಲಿಲ್ಲ. ಕ್ರೈಸ್ತಮತವನ್ನು ಬೋಧಿಸುವುದಕ್ಕಾಗಿ ಹುಟ್ಟಿದ ನಾಡನ್ನು ಬಿಟ್ಟು ಬಂದವರು ಅವರು. ಅವರ ದಿನದ ಹೊತ್ತೆಲ್ಲ ಶಾಲೆ, ಸಭೆ, ಸಂಚಾರ, ಲೆಕ್ಕಪತ್ರ, ರೋಗಿಗಳ ಶುಶ್ರೂಷೆ ಇವುಗಳಿಗೆ ಸಂದುಹೋಗುತ್ತಿದ್ದಿತು.

ಹೀಗಿರಲು ಈ ವಿದ್ವತ್ಕಾರ್ಯವು ಹೇಗೆ ನಡೆಯಿತು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಮತಬೋಧೆಯ ನಡುವೆ ಸಿಕ್ಕಿದ ಬಿಡುವಿನಲ್ಲಿ ಕೆಲವರು ತಮ್ಮ ಸ್ವಂತ ಅಭಿರುಚಿಯಿಂದ ಈ ಕೆಲಸ ಮಾಡಿದರೆಂಬುದು ಒಂದು. ಮತಬೋಧೆಗೆ ಉಪಾಯವಾಗಿ ಮಾತ್ರ ಇದನ್ನು ಕೈಕೊಂಡರೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶ ಉಂಟು. ಆದರೆ ಎರಡೂ ಅವರ ನಿತ್ಯಜೀವನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಜೀವನದ ಕಟ್ಟುಪಾಡುಗಳನ್ನೂ, ವರ್ಷದಲ್ಲಿ ಕೆಲಸಗಳು ಹಂಚಿಹೋಗುತ್ತಿದ್ದ ಬಗೆಯನ್ನೂ, ಮನೆವಾರ್ತೆಯನ್ನೂ ಪರಿಶೀಲಿಸಿದರೆ, ನಿಘಂಟೂ ವ್ಯಾಕರಣವೂ ಆ ದಿನಚರಿಯೊಳಗಿಂದಲೇ ಬೆಳೆದು ಬಂದುವೆಂಬುದೂ, ಅದಕ್ಕೆ ತೆತ್ತ ಬೆಲೆ ಅಲ್ಪವಾಗಿರಲಿಲ್ಲವೆಂಬುದೂ ಸ್ಪಷ್ಟಪಡುತ್ತದೆ.

೨. ಸಂಸ್ಥೆಯೂ ಅದರ ಶಾಸನವೂ

ಬಾಸೆಲ್ ಮಿಶನ್ ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ಅದಕ್ಕೆ ಹಣವನ್ನು ಒದಗಿಸಿದವರಲ್ಲಿ ಆ ನಗರದ ವರ್ತಕ ಮನೆತನಗಳವರು ಮುಖ್ಯರು. ಅದಕ್ಕೆ ಜನರನ್ನು ಒದಗಿಸಿದುದು ಬಹುಮಟ್ಟಿಗೆ ನೆರೆಯ ಜರ್ಮನ್ ಸೀಮೆಯಾದ ವುರ್ಟೆಂಬರ್ಗ್. ಅಲ್ಲಿ ‘ಪಯಟಿಸ್ಟ್’ ಎಂದು ಕರೆಯಲ್ಪಡುವ ಭಕ್ತಿಪಂಥದ ಕುಟುಂಬಗಳು ಹಳ್ಳಿಹಳ್ಳಿಯಲ್ಲಿಯೂ ಇದ್ದುವು. ದುಂದಿಲ್ಲದ ಬಾಳು, ಕೈಕೆಲಸದಲ್ಲಿ ಗೌರವ, ತನ್ನ ಅಂತರಂಗವನ್ನು ತಾನೇ ಪರೀಕ್ಷಿಸಿಕೊಂಡು ಬರೆದಿಡುವ ಅಭ್ಯಾಸ ಇವು ಆ ಪಂಥದ ಲಕ್ಷಣಗಳು. ಮಿಶನ್ನಿನ ಪಾಠಶಾಲೆಗೆ ಸೇರುತ್ತಿದ್ದ ತರುಣರಲ್ಲಿ ರೈತರ, ನೇಕಾರರ, ಬಡಗಿಗಳ ಮಕ್ಕಳೇ ಹೆಚ್ಚು. ಹೆರ್ಮನ್ ಮೋಗ್ಲಿಂಗ್, ಹೆರ್ಮನ್ ಗುಂಡರ್ಟ್ ಇವರಂತೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ವಿರಳ. ಪಾಠಶಾಲೆಯಲ್ಲಿ ವೇದಾಂಗಗಳಂತೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಶಿಕ್ಷಣ ನಡೆಯುತ್ತಿದ್ದಿತು. ಆದುದರಿಂದ ನೇಕಾರನ ಮಗನಿಗೂ ವಿಭಕ್ತಿ, ಧಾತು, ಪ್ರತ್ಯಯ ಎಂಬ ಪರಿಭಾಷೆ ಹೊರನಾಡಿಗೆ ಹೊರಡುವ ಮೊದಲೇ ಪರಿಚಯವಾಗಿರುತ್ತಿದ್ದಿತು.

ಹೊರನಾಡಿಗೆ ಹೋದವನು ಬಾಸೆಲಿನ ಆಡಳಿತ ಸಮಿತಿಗೆ ಪೂರ್ಣವಾಗಿ ವಿಧೇಯನಾಗಿರತಕ್ಕದ್ದು. ಯಾವ ಊರಿನಲ್ಲಿ ನೆಲಸಬೇಕು, ಯಾವ ಕೆಲಸ ಮಾಡಬೇಕು, ಎಂದು ಮದುವೆಯಾಗಬೇಕು, ಎಂದು ಸ್ವದೇಶಕ್ಕೆ ಹಿಂದಿರುಗಬೇಕು ಎಂಬುದನ್ನೆಲ್ಲ ಸಮಿತಿಯೇ ನಿರ್ಣಯಿಸುತ್ತಿದ್ದಿತು. ೧೮೫೦ರಿಂದ ೧೮೭೯ರ ವರೆಗೆ ಅಧ್ಯಕ್ಷಸ್ಥಾನದಲ್ಲಿದ್ದ ಯೋಸೆಫ್ ಯೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ತಾವೇ ಭಾರತಕ್ಕೆ ಬಂದು ಠಾಣ್ಯಗಳನ್ನು ಸುತ್ತಿ, ಕೆಲಸದ ಕ್ರಮವನ್ನೆಲ್ಲ ಇನ್ನಷ್ಟು ಬಿಗಿಪಡಿಸಿದರು. ಪ್ರತಿಯೊಬ್ಬನೂ ನಿಯತಕಾಲಕ್ಕೆ ವರದಿ ಬರೆದು ಕಳುಹಿಸಬೇಕು. ವರ್ಷಕ್ಕೊಮ್ಮೆ ಠಾಣ್ಯದ ವೃತ್ತಾಂತವನ್ನು ಒಪ್ಪಿಸಬೇಕು. ಈ ಬರೆಹಗಳ ದೊಡ್ಡ ರಾಶಿ ಬಾಸೆಲಿನ ದಫ್ತರಖಾನೆಯಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಕಂಡುದನ್ನು, ಕೇಳಿದುದನ್ನು ಅಂದಂದಿಗೆ ಬರೆದಿಡುವುದು ಅವರಿಗೆ ಭಕ್ತಿಯ ಅಂಗವೂ ಆಗಿದ್ದಿತು, ನೌಕರಿಯ ನಿಯಮವೂ ಆಗಿದ್ದಿತು. ಕಿಟ್ಟೆಲರಂಥ ನಿಘಂಟುಕಾರರಿಗೆ ಇದಕ್ಕಿಂತ ಉಪಯುಕ್ತವಾದ ಪೂರ್ವಸಿದ್ಧತೆ ಇರಲಾರದು.

೩. ಮಂಗಳೂರಿಗೆ ಆಗಮನ, ಭಾಷೆಯ ಅಭ್ಯಾಸ

೧೮೩೩ರ ಸನ್ನದು ಕಾಯಿದೆಯಿಂದ ಆಂಗ್ಲೇಯರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯಲ್ಲಿ ನೆಲಸುವುದು ಸುಲಭವಾಯಿತು. ಮರುವರ್ಷವೇ, ಎಂದರೆ ೧೮೩೪ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ಅಲ್ಲಿಂದ ಮಂಗಳೂರಿಗೆ ಬಂದರು. ಆಫ್ರಿಕದ ಗೋಲ್ಡ್ ಕೋಸ್ಟಿಗೆ ೧೮೨೮ರಲ್ಲಿ ಇದೇ ಸಂಸ್ಥೆ ಕಳುಹಿಸಿದ್ದ ಮೊದಲ ನಾಲ್ವರೂ ಕೆಲವೇ ವರ್ಷಗಳಲ್ಲಿ ಜ್ವರಕ್ಕೆ ತುತ್ತಾಗಿದ್ದರು. ಆ ವಾರ್ತೆಯನ್ನು ಬಲ್ಲವರಾಗಿಯೇ ಇವರು ಹೊರಟು ಬಂದರೆಂಬುದನ್ನು ನೆನೆಯಬೇಕು. ಧಾರವಾಡ (೧೮೩೭), ಹುಬ್ಬಳ್ಳಿ (೧೮೩೯), ಬೆಟಗೇರಿ (೧೮೪೧) ಮೊದಲಾದೆಡೆಗಳಲ್ಲಿ ಠಾಣ್ಯಗಳು ಮುಂದೆ ಏರ್ಪಟ್ಟುವು.

ಬಂದವನಿಗೆ ಮೊದಲ ಕರ್ತವ್ಯವೆಂದರೆ ಭಾಷೆ. ಮಂಗಳೂರಿನಲ್ಲಿ ಇದು ಸರಳವಾದ ಸಂಗತಿಯಾಗಿರಲಿಲ್ಲ. ಕಚೇರಿಯ ಮತ್ತು ಶಾಲೆಯ ಭಾಷೆ ಕನ್ನಡ. ಬಹುಜನರ ಮನೆಮಾತು ತುಳು. ಸಾರಸ್ವತರದೂ ರೋಮನ್ ಕ್ಯಾಥೊಲಿಕರದೂ ಕೊಂಕಣಿ. ದಕ್ಷಿಣಕ್ಕೆ ಸರಿದರೆ ಮಲಯಾಳ. ಧಾರವಾಡಕ್ಕೆ ಹೋದವನಿಗೆ ಕಿವಿಗೆ ಬೀಳುವ ಕನ್ನಡವೇ ಬೇರೆ. ಅದರಲ್ಲಿ ಮರಾಠಿಯ ಬೆರಕೆಯೂ ಉಂಟು. ಆಗ ದೊರೆಯುತ್ತಿದ್ದ ಸಾಧನಗಳು ಕೆಲವೇ: ಶ್ರೀರಾಮಪುರದ ಕೇರಿಯವರ ವ್ಯಾಕರಣ (೧೮೧೭), ಮದರಾಸಿನಲ್ಲಿ ಹೊರಟ ಮೆಕೆರೆಲರ ವ್ಯಾಕರಣ (೧೮೨೦), ಲಂಡನ್ ಮಿಶನ್ನಿಗೆ ಸೇರಿದ ರೀವ್ ಅವರ ಕೋಶಗಳು, ೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರು ಮಾಡಿದ ಬೈಬಲಿನ ಭಾಷಾಂತರ. ಉಳಿದುದಕ್ಕೆಲ್ಲ ಮುನ್ಶಿಯೇ ಗತಿ.

ಮುನ್ಶಿಯೊಡನೆ ಕುಳಿತು ಓದುವ ಪಾಠಗಳಿಂದಲೇ ಮಿಶನರಿಗೆ ಜೈಮಿನಿಭಾರತವೂ ದಾಸರ ಪದಗಳೂ ಪರಿಚಯವಾದುವು. ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಊರಿನ ಮಠದ ಶಾಲೆಗಳಲ್ಲಿ ಓದು ಕಲಿತವರೆಲ್ಲ ಲಕ್ಷ್ಮೀಶನನ್ನು ಬಾಯಿಪಾಠ ಮಾಡಿದವರೇ. ಅವರೊಡನೆ ಮಾತನಾಡಬೇಕಾದರೆ ಆ ಕಾವ್ಯ ತಿಳಿದಿರಬೇಕು. ಜಾತ್ರೆಯಲ್ಲಿ ನಿಂತು ಬೋಧಿಸುವವನು ಜನರ ಗಾದೆಗೆ ಗಾದೆಯಿಂದ, ವಚನಕ್ಕೆ ವಚನದಿಂದ ಮರುನುಡಿಯಬೇಕಾಗುತ್ತಿದ್ದಿತು. ಹೀಗೆ ವಾದದ ಅವಶ್ಯಕತೆಯಿಂದ ಮೊದಲಾದ ಓದು ಕಾಲಕ್ರಮದಲ್ಲಿ ಆ ಅವಶ್ಯಕತೆಯನ್ನು ಮೀರಿ ಬೆಳೆಯಿತು.

೪. ದಿನದ ಮತ್ತು ವರ್ಷದ ಕ್ರಮ

ಠಾಣ್ಯದ ದಿನ ನಸುಕಿನಲ್ಲಿಯೇ ಮೊದಲಾಗುತ್ತಿದ್ದಿತು. ಮನೆಯವರೊಡನೆಯೂ ಶಾಲೆಯ ಹುಡುಗರೊಡನೆಯೂ ಪ್ರಾರ್ಥನೆ. ಬಿಸಿಲೇರುವ ಮುನ್ನ ಪಾಠಗಳು. ಆಮೇಲೆ ಬಂದವರೊಡನೆ ಮಾತು, ಜಗಳಗಳ ತೀರ್ಮಾನ, ಔಷಧ ಕೊಡುವುದು, ಕೂಲಿಯ ಲೆಕ್ಕ, ಕಟ್ಟಡದ ಮೇಲ್ವಿಚಾರಣೆ. ಬಿಸಿಲಿಳಿದ ಮೇಲೆ ಪೇಟೆಯಲ್ಲಿ ಬೋಧೆ ಅಥವಾ ನೆರೆಯ ಹಳ್ಳಿಗೆ ಹೋಗಿಬರುವುದು. ರಾತ್ರಿ ದೀಪದ ಬೆಳಕಿನಲ್ಲಿ ಪತ್ರಗಳು. ಸಾಮಾನ್ಯವಾಗಿ ಹೀಗಿರುತ್ತಿದ್ದ ದಿನವು ನಿಜವಾಗಿ ಎಷ್ಟು ತುಂಡು ತುಂಡಾಗಿರುತ್ತಿದ್ದಿತೆಂಬುದಕ್ಕೆ ತಲಚೇರಿಯಲ್ಲಿದ್ದ ಗುಂಡರ್ಟರು ೧೮೩೭ರಿಂದ ೧೮೫೯ರ ವರೆಗೆ ಬರೆದಿಟ್ಟ ದಿನಚರಿಯೇ ಸಾಕ್ಷಿ. ೧೮೭೨ರಲ್ಲಿ ಹೊರಬಂದ ಅವರ ಮಲಯಾಳ ನಿಘಂಟಿಗೂ ಕಿಟ್ಟೆಲರ ಕನ್ನಡ ನಿಘಂಟಿಗೂ ಮೂಲವಾದುದು ಒಂದೇ ಬಗೆಯ ಬಾಳು.

ದಿನಕ್ಕಿಂತಲೂ ವರ್ಷದ ಕ್ರಮವು ಮುಖ್ಯವಾದುದು. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಹೊಳೆಗಳು ತುಂಬಿ ಹರಿಯುತ್ತವೆ, ದಾರಿಗಳು ಕಟ್ಟಿಹೋಗುತ್ತವೆ. ಮಳೆ ನಿಂತ ಮೇಲೆ ಎತ್ತಿನ ಗಾಡಿಯಲ್ಲಿಯೋ ಕುದುರೆಯ ಮೇಲೋ ಕಾಲ್ನಡಿಗೆಯಿಂದಲೋ ವಾರಗಟ್ಟಲೆ ಸಂಚಾರ. ಜಾತ್ರೆ, ಸಂತೆ, ಛತ್ರ, ಅಗಸೆಬಾಗಿಲು ಇವೇ ಬೋಧೆಯ ಸ್ಥಳಗಳು. ಸಂಚಾರದಲ್ಲಿ ಕಿವಿಗೆ ಬಿದ್ದುದನ್ನೆಲ್ಲ ಮಳೆಗಾಲದಲ್ಲಿ ಮುನ್ಶಿಯೊಡನೆ ಕುಳಿತು ವಿಚಾರಿಸಿ ವಿಂಗಡಿಸುವುದು. ಕೇಳುವ ತಿಂಗಳು, ಬರೆಯುವ ತಿಂಗಳು ಎಂಬ ಈ ಎರಡರ ಆವರ್ತನವೇ ಅವರ ಪಾಂಡಿತ್ಯದ ಹದವನ್ನು ನಿರ್ಣಯಿಸಿತು. ಗ್ರಂಥಾಲಯದಲ್ಲಿಯೇ ಕುಳಿತವನಿಗೆ ಆಡುನುಡಿ ಸಿಕ್ಕುತ್ತಿರಲಿಲ್ಲ. ಬರಿಯ ಸಂಚಾರಿಗೆ ಗ್ರಂಥ ಸಿಕ್ಕುತ್ತಿರಲಿಲ್ಲ.

ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ನಿವೇಶನವು ೧೮೪೦ರಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಬ್ಲೇರ್ ಅವರಿಂದ ಮಿಶನ್ನಿಗೆ ಸಂದಿತು. ಮೋಗ್ಲಿಂಗರು ಅಲ್ಲಿ ಹುಡುಗರ ನಡುವೆ ವಾಸಿಸುತ್ತ ಉಪದೇಶಕರನ್ನು ತರಬೇತುಗೊಳಿಸಿದರು. ಆ ಶಾಲೆಗೆ ಪುಸ್ತಕ ಬೇಕು. ಪುಸ್ತಕಕ್ಕೆ ಅಚ್ಚುಕೂಟ ಬೇಕು. ಆದುದರಿಂದ ೧೮೪೧ರಲ್ಲಿ ಕಲ್ಲಚ್ಚಿನ ಯಂತ್ರ ಬಂದಿತು.

೫. ಅಚ್ಚುಕೂಟದಿಂದ ಹೊರಟ ಗ್ರಂಥಗಳು

ಕಲ್ಲಚ್ಚಿನಲ್ಲಿ ಮೊಳೆಗಳನ್ನು ಜೋಡಿಸುವ ಕೆಲಸವಿಲ್ಲ. ಲಿಪಿಕಾರನು ಜಿಡ್ಡಿನ ಮಸಿಯಿಂದ ಕಾಗದದ ಮೇಲೆ ಬರೆದುದನ್ನು ಕಲ್ಲಿಗೆ ಇಳಿಸಿ, ಆ ಕಲ್ಲಿನಿಂದ ಪ್ರತಿಗಳನ್ನು ತೆಗೆಯುತ್ತಾರೆ. ಎಂದರೆ ‘ಮಂಗಳೂರ ಸಮಾಚಾರ’ದ ಪುಟಗಳಲ್ಲಿ ಇಂದು ಕಾಣುವ ಅಕ್ಷರಗಳು ಒಬ್ಬ ಲಿಪಿಕಾರನ ಕೈಬರಹವೇ. ೧೮೪೩ರ ಜುಲೈ ೧ರಂದು ಮೊದಲಾದ ಈ ಪಾಕ್ಷಿಕದಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ಕಥೆ, ನೀತಿ, ಹಾಡು ಇವೆಲ್ಲ ಇರುತ್ತಿದ್ದುವು. ಮರುವರ್ಷ ಅದು ಬಳ್ಳಾರಿಗೆ ಸಾಗಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಹೊರಟಿತು. ಮತಬೋಧೆಯ ಕರಪತ್ರಗಳನ್ನು ಹಂಚುತ್ತಿದ್ದ ಕೈಗಳೇ ಲೋಕವಾರ್ತೆಯ ಪತ್ರಿಕೆಯನ್ನೂ ಹೊರಡಿಸಿದುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕಟ್ಟೆಯ ಮೇಲೆ ಕುಳಿತವರು ದಿನವೂ ಕೇಳುತ್ತಿದ್ದ ಪ್ರಶ್ನೆಗಳು ಲೋಕವಾರ್ತೆಯವೇ ಆಗಿದ್ದುವು.

‘ಬಿಬ್ಲಿಯೊಥೆಕಾ ಕರ್ನಾಟಿಕಾ’ದ ಕಥೆ ಇದಕ್ಕಿಂತ ಗಂಭೀರವಾದುದು. ನೀಲಗಿರಿಯಲ್ಲಿ ನೆಲಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರರ ಧನಸಹಾಯದಿಂದ ಮೋಗ್ಲಿಂಗರು ಜೈಮಿನಿಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಕೀರ್ತನೆಗಳು ಮೊದಲಾದವನ್ನು ಪ್ರಕಟಿಸಿದರು. ವೈಷ್ಣವ, ವೀರಶೈವ ಎಂಬ ಭೇದವಿಲ್ಲದೆ ಕೃತಿಗಳನ್ನು ಆರಿಸಲಾಯಿತು. ಕ್ರೈಸ್ತಮತವನ್ನು ಹರಡಲು ಬಂದ ಸಂಸ್ಥೆಯ ಅಚ್ಚುಕೂಟದಲ್ಲಿ ಹರಿದಾಸರ ಪದಗಳು ಅಚ್ಚಾದುದು ಆ ಸಂಸ್ಥೆಯ ಹಿತೈಷಿಗಳಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಜನರ ಮನಸ್ಸನ್ನು ತಿಳಿಯದೆ ಬೋಧಿಸಲಾಗದೆಂಬ ಸಮಾಧಾನವನ್ನು ಹೇಳಬಹುದಾಗಿದ್ದಿತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಹಸ್ತಪ್ರತಿಗಳನ್ನು ಕೂಡಿಸಿ, ಸಾವಿರಾರು ಪದ್ಯಗಳನ್ನು ಬರೆಯಿಸಿ, ಅಚ್ಚು ಹಾಕಿಸುವ ಶ್ರಮಕ್ಕೆ ಆ ಸಮಾಧಾನ ಒಂದೇ ಸಾಲದು. ದಾಸರ ಪದಗಳನ್ನು ಮೋಗ್ಲಿಂಗರು ಜರ್ಮನ್ ಭಾಷೆಗೆ ಪರಿವರ್ತಿಸಿ ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದುದನ್ನು ನೋಡಿದರೆ, ಓದಿದವನಿಗೆ ಓದಿದುದರಲ್ಲಿ ಪ್ರೀತಿ ಹುಟ್ಟಿತೆಂದೇ ಹೇಳಬೇಕು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು.

ತುಳುವಿನ ವಿಷಯದಲ್ಲಿಯೂ ಇದೇ ಕ್ರಮ. ಬೋಧೆಗಾಗಿ ತುಳುವನ್ನು ಕಲಿತವರು ೧೮೪೭ರಲ್ಲಿ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದು ಕನ್ನಡ ಲಿಪಿಯಲ್ಲಿ ಮುದ್ರಿಸಿದರು. ಬ್ರಿಗೆಲರ ವ್ಯಾಕರಣ (೧೮೭೨), ಮೆನ್ನರರ ನಿಘಂಟು (೧೮೮೬) ಅದನ್ನು ಹಿಂಬಾಲಿಸಿದುವು.

೬. ಮನೆವಾರ್ತೆ

ಮಿಶನರಿಗಳ ಗ್ರಂಥಗಳನ್ನು ಓದುವವರು ಅವರ ಮನೆಯ ಸ್ಥಿತಿಯನ್ನು ಮರೆಯುವುದುಂಟು. ೧೮೩೭ರ ವಿವಾಹ ನಿಯಮದಂತೆ, ಹೊರನಾಡಿನಲ್ಲಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿದ ಹೊರತು ಯಾರಿಗೂ ಮದುವೆಗೆ ಅಪ್ಪಣೆಯಿಲ್ಲ. ಆಮೇಲೆಯೂ ಸಮಿತಿಯ ಒಪ್ಪಿಗೆ ಬೇಕು. ಹಲವು ವೇಳೆ ವಧುವನ್ನು ಸ್ವದೇಶದಲ್ಲಿದ್ದ ಹಿತೈಷಿಗಳೂ ಸಮಿತಿಯವರೂ ಕೂಡಿ ಹುಡುಕುತ್ತಿದ್ದರು. ಆ ಕನ್ಯೆ ತಾನು ಕಂಡರಿಯದ ವರನನ್ನು ವರಿಸುವುದಕ್ಕೆ ಸಮುದ್ರವನ್ನು ದಾಟಿ ಬರಬೇಕು. ಹೊರಡುವಾಗ ತಂದೆತಾಯಿಗಳನ್ನು ಇನ್ನೊಮ್ಮೆ ನೋಡುವ ನಂಬಿಕೆ ಆಕೆಗೆ ಇರುತ್ತಿರಲಿಲ್ಲ. ಹಡಗಿನಿಂದ ಇಳಿದ ಕೆಲವೇ ದಿನಗಳಲ್ಲಿ ಮದುವೆ. ಅನಂತರ ಆಕೆಯೂ ಭಾಷೆ ಕಲಿತು, ಹೆಣ್ಣುಮಕ್ಕಳ ಶಾಲೆಯನ್ನೂ ಅನಾಥ ಬಾಲಕಿಯರ ಯೋಗಕ್ಷೇಮವನ್ನೂ ವಹಿಸಿಕೊಳ್ಳಬೇಕು. ಆಕೆಯ ಹೆಸರು ಯಾವ ಗ್ರಂಥದ ಮುಖಪತ್ರದ ಮೇಲೂ ಕಾಣದು.

ಮೃತ್ಯು ಈ ಮನೆಗಳ ನಿತ್ಯದ ನೆರೆಯಾಗಿದ್ದಿತು. ಮೋಗ್ಲಿಂಗರ ಒಡನಾಡಿಯಾಗಿ ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು ಜರ್ಮನ್ ವಿದ್ವಾಂಸರಿಗೆ ಮೊದಲು ಪರಿಚಯ ಮಾಡಿಕೊಟ್ಟವರಲ್ಲೊಬ್ಬರಾದ ಗಾಟ್‌ಫ್ರೀಡ್ ವೈಗ್ಲೆ ೧೮೫೫ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನೆಯನ್ನೂ ಮಕ್ಕಳನ್ನೂ ಮೋಗ್ಲಿಂಗರು ವಿವಾಹದಿಂದ ತಮ್ಮ ಆಶ್ರಯಕ್ಕೆ ತಂದುಕೊಂಡರು. ಕಿಟ್ಟೆಲರು ೧೮೬೦ರಲ್ಲಿ ಪೌಲೀನೆ ಐತ್ ಎಂಬವರನ್ನು ಮದುವೆಯಾದರು. ನಾಲ್ಕು ವರ್ಷಗಳೊಳಗೆ ಆಕೆ ಗತಿಸಿದರು. ೧೮೬೭ರಲ್ಲಿ ಆಕೆಯ ತಂಗಿ ಯೂಲಿಯೆ ಅವರ ಮನೆಗೆ ಬಂದರು.

ಆದರೆ ಎಲ್ಲಕ್ಕಿಂತ ಕಠಿನವಾದುದು ಮಕ್ಕಳ ಅಗಲಿಕೆ. ಶಾಲೆಗೆ ಹೋಗುವ ವಯಸ್ಸು ಬಂದೊಡನೆ ಮಕ್ಕಳನ್ನು ಯೂರೋಪಿಗೆ ಕಳುಹಿಸತಕ್ಕದ್ದೆಂಬುದು ರೂಢಿ. ಅದಕ್ಕಾಗಿ ಬಾಸೆಲಿನಲ್ಲಿ ೧೮೫೩ರಲ್ಲಿ ಒಂದು ಮಕ್ಕಳ ನಿಲಯವೂ ತೆರೆಯಿತು. ಗುಂಡರ್ಟರ ಮಗಳು ಮರಿ ೧೮೪೨ರಲ್ಲಿ ತಲಚೇರಿಯ ಕಡೆ ಹುಟ್ಟಿ, ಎಳವೆಯಲ್ಲಿಯೇ ಯೂರೋಪಿಗೆ ಹೋದಳು. ತಂದೆತಾಯಿಗಳ ಬಳಿಗೆ ಆಕೆ ಮರಳಿ ಬಂದುದು ೧೮೫೭ರಲ್ಲಿ. ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಹೆರ್ಮನ್ ಹೆಸ್ಸೆಯ ತಾಯಿ ಈಕೆಯೇ. ಹೆಸ್ಸೆಯ ತಂದೆ ಯೊಹಾನೆಸರೂ ೧೮೬೯ರಿಂದ ೧೮೭೩ರ ವರೆಗೆ ಮಂಗಳೂರು ಪ್ರಾಂತದಲ್ಲಿ ಕೆಲಸಮಾಡಿ, ಆರೋಗ್ಯ ಕೆಟ್ಟು ಹಿಂದಿರುಗಿದವರು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆಯುವ ತನಕ ಆಫ್ರಿಕದ ಭೂಶಿರವನ್ನು ಬಳಸುವ ಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದುವು. ಮಗುವಿನ ಕಾಯಿಲೆಯ ಸುದ್ದಿ ತಂದೆಗೆ ತಲಪುವ ವೇಳೆಗೆ ಆ ಕಾಯಿಲೆ ಒಂದಲ್ಲ ಒಂದು ಬಗೆಯಾಗಿ ಮುಗಿದೇ ಹೋಗಿರುತ್ತಿದ್ದಿತು. ಶಾಲೆಯಲ್ಲಿ ಅನ್ಯರ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ, ತನ್ನ ಮಗುವಿನ ಅಕ್ಷರವನ್ನು ಪತ್ರದಲ್ಲಿ ಮಾತ್ರ ನೋಡುವುದು ಅವರ ಪಾಲಿಗೆ ಬಂದ ಬಾಳು.

೭. ಮತಾಂತರದ ಕ್ಷೋಭೆಯೂ ಜೀವನೋಪಾಯವೂ

ಅಗಲಿಕೆ ಮಿಶನರಿಗಳಿಗೆ ಮಾತ್ರ ಬಂದುದಲ್ಲ. ಅವರ ಮಾತನ್ನು ಒಪ್ಪಿದವರಿಗೂ ಬಂದಿತು. ೧೮೪೪ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನವನ್ನು ಪಡೆದಾಗ ಊರಿನಲ್ಲಿ ದೊಡ್ಡ ಕ್ಷೋಭೆ ಉಂಟಾಯಿತು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಎನಿಸಿದ ಅವರ ಬಳಿಗೆ ಪತ್ನಿ ಬರಲೊಪ್ಪಲಿಲ್ಲ. ಮಗನನ್ನು ಕಳೆದುಕೊಂಡ ಮನೆಯ ದುಃಖವೂ, ಮನೆಯನ್ನು ಕಳೆದುಕೊಂಡ ಮಗನ ದುಃಖವೂ ಸಮಾನವಾದುವು. ಚರಿತ್ರಕಾರನು ಎರಡನ್ನೂ ಬರೆಯಬೇಕು. ಕೌಂಡಿನ್ಯರು ೧೮೪೬ರಿಂದ ೧೮೫೧ರ ವರೆಗೆ ಬಾಸೆಲಿನಲ್ಲಿ ಓದಿ, ಮಿಶನರಿಯಾಗಿಯೇ ಹಿಂದಿರುಗಿದರು. ಕೊಡಗಿನಲ್ಲಿ ಅಸ್ಪೃಶ್ಯರೆನಿಸಿದ್ದ ಕೃಷಿಕೂಲಿಗಳಿಗಾಗಿ ಏರ್ಪಟ್ಟ ಆನಂದಪುರದ ವಸತಿಯು ಅವರ ಹೆಸರನ್ನೇ ಧರಿಸಿದೆ. ೧೮೫೩ರಿಂದ ಮುಂದಕ್ಕೆ ಕೊಡಗಿನಲ್ಲಿದ್ದ ಮೋಗ್ಲಿಂಗರು ಆ ನಾಡಿನ ವೃತ್ತಾಂತವನ್ನು ೧೮೫೫ರಲ್ಲಿ ಪ್ರಕಟಿಸಿ, ‘ರಾಜೇಂದ್ರನಾಮೆ’ಯನ್ನೂ ಅಚ್ಚಿಗೆ ತಂದರು.

ಮತಾಂತರ ಹೊಂದಿದವನು ಜಾತಿಯೊಡನೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಅವನಿಗೆ ಅನ್ನದ ದಾರಿಯನ್ನು ತೋರಿಸುವ ಭಾರ ಮಿಶನ್ನಿನ ಮೇಲೆ ಬಿದ್ದಿತು. ವ್ಯವಸಾಯದ ವಸತಿಗಳು ಎಲ್ಲೆಡೆಯೂ ಕೈಗೂಡಲಿಲ್ಲ. ಗದಗಿನ ಕಡೆಯ ಮಲಸಮುದ್ರದ ಪ್ರಯತ್ನ ವಿಫಲವಾಯಿತು. ೧೮೫೧ರಲ್ಲಿ ಬಂದ ಹಾಲರರು ನೆಯ್ಗೆಯನ್ನು ಸುಧಾರಿಸಿದರು. ಜಾರ್ಜ್ ಪ್ಲೆಬ್ಸ್ಟರು ಅಚ್ಚುಕೂಟವನ್ನು ಬೆಳೆಯಿಸಿ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ‘ಮಂಗಳೂರು ಹಂಚು’ ಎಂಬ ಮಾತು ದೇಶದಾದ್ಯಂತ ರೂಢವಾದುದು ಹೀಗೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೂ ಗಡೀಪಾರಿಗೂ ಗುರಿಯಾಗಿ, ಈ ಉದ್ಯಮಗಳು ಅನ್ಯರ ಕೈಸೇರಿದುವು.

೮. ಕಿಟ್ಟೆಲರ ನಿಘಂಟು

ಮೇಲೆ ವಿವರಿಸಿದ ಬಾಳಿನ ಎಲ್ಲ ಅಂಶಗಳೂ ಒಂದೆಡೆ ಸೇರುವುದು ಫರ್ಡಿನಾಂಡ್ ಕಿಟ್ಟೆಲರಲ್ಲಿ. ಅವರು ೧೮೩೨ರಲ್ಲಿ ಉತ್ತರ ಜರ್ಮನಿಯ ಫ್ರೀಸ್‌ಲಂಡ್ ಸೀಮೆಯಲ್ಲಿ ಹುಟ್ಟಿ, ೧೮೫೦ರಲ್ಲಿ ಬಾಸೆಲ್ ಪಾಠಶಾಲೆಯನ್ನು ಸೇರಿ, ೧೮೫೩ರಲ್ಲಿ ಭಾರತಕ್ಕೆ ಬಂದರು. ಮೊದಲು ಧಾರವಾಡ, ಮುಂದೆ ಮಂಗಳೂರು, ಮಡಿಕೇರಿ ಮೊದಲಾದ ಠಾಣ್ಯಗಳು. ಒಂದೇ ಊರಿನಲ್ಲಿ ನೆಲೆಗೊಳ್ಳದ ಈ ಸೇವಾಜೀವನವು ಅವರಿಗೆ ಎಷ್ಟು ತೊಂದರೆಯನ್ನಿತ್ತಿದ್ದರೂ ನಿಘಂಟಿಗೆ ವರವಾಯಿತು. ಉತ್ತರದ ಬಯಲುಸೀಮೆಯ ನುಡಿಯನ್ನೂ ಕರಾವಳಿಯ ನುಡಿಯನ್ನೂ ಮಲೆನಾಡಿನ ನುಡಿಯನ್ನೂ ಆಯಾ ಸ್ಥಳದಲ್ಲಿಯೇ ಕೇಳುವ ಅವಕಾಶ ಅವರಿಗೆ ದೊರೆಯಿತು.

೧೮೬೨ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಹಾಡುವುದಕ್ಕೆ ಛಂದಸ್ಸು ತಿಳಿಯಬೇಕು. ಛಂದಸ್ಸಿನ ಜಿಜ್ಞಾಸೆ ಅವರನ್ನು ನಾಗವರ್ಮನ ಕಡೆಗೆ ಕೊಂಡೊಯ್ಯಿತು. ಕೇಶಿರಾಜನ ‘ಶಬ್ದಮಣಿದರ್ಪಣ’ ೧೮೭೨ರಲ್ಲಿಯೂ ನಾಗವರ್ಮನ ‘ಛಂದಸ್ಸು’ ೧೮೭೫ರಲ್ಲಿಯೂ ಅವರ ಸಂಪಾದಕತ್ವದಲ್ಲಿ ಹೊರಬಂದುವು. ೧೮೭೭ರಲ್ಲಿ ಸ್ವದೇಶಕ್ಕೆ ಹೋದವರು ನಿಘಂಟಿನ ಕೆಲಸಕ್ಕಾಗಿಯೇ ೧೮೮೩ರಲ್ಲಿ ಮತ್ತೆ ಈ ನಾಡಿಗೆ ಬಂದರು. ಪಂಡಿತರ ನೆರವಿನಿಂದ ಮುಂದುವರಿದ ಆ ಕಾರ್ಯಕ್ಕೆ ಮೈಸೂರು ಸರಕಾರದ ಸಹಾಯವೂ ದೊರೆಯಿತು. ಸುಮಾರು ೭೦,೦೦೦ ಶಬ್ದಗಳ, ೧,೭೦೦ಕ್ಕೆ ಮೀರಿದ ಪುಟಗಳ ಗ್ರಂಥ ೧೮೯೪ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಹೊರಬಿದ್ದಿತು. ೧೮೯೬ರಲ್ಲಿ ಟ್ಯೂಬಿಂಗೆನ್ ಇವರಿಗೂ ಡಾಕ್ಟರ್ ಪದವಿಯನ್ನಿತ್ತಿತು. ೧೯೦೩ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ತೀರಿಕೊಂಡರು.

ನಿಘಂಟಿನ ಯಾವ ಪುಟವನ್ನು ತೆರೆದರೂ ಮಿಶನರಿಯ ದಿನಚರಿಯ ಗುರುತು ಕಾಣುತ್ತದೆ. ಶಬ್ದದ ಪ್ರಯೋಗಕ್ಕೆ ಆಧಾರವಾಗ ಜೈಮಿನಿಭಾರತ, ಬಸವಪುರಾಣಗಳ ಸಂಕೇತಾಕ್ಷರಗಳು ಮೇಲಿಂದ ಮೇಲೆ ಬರುತ್ತವೆ. ಇವು ಮಳೆಗಾಲದ ಪಾಠಗಳಲ್ಲಿ ಓದಿ, ಬಲ್ಮಠದ ಕಲ್ಲಿನಿಂದ ಅಚ್ಚಾದ ಗ್ರಂಥಗಳು. ಪ್ರಾಂತಭೇದವನ್ನು ತೋರಿಸುವ ಸೂಚನೆಗಳು ಠಾಣ್ಯದಿಂದ ಠಾಣ್ಯಕ್ಕೆ ತಿರುಗಿದುದರ ಫಲ. ಅರ್ಥವನ್ನು ಸ್ಥಿರಪಡಿಸಲು ಕೊಟ್ಟಿರುವ ಗಾದೆಗಳು ಸಂತೆ, ಜಾತ್ರೆ, ಜಗಲಿಗಳ ಕೊಡುಗೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಜ್ಞಾತಿಶಬ್ದಗಳ ಹೋಲಿಕೆಯು, ಆಯಾ ಭಾಷೆಯ ನಡುವೆ ಸೇವೆಯಲ್ಲಿದ್ದ ಜೊತೆಗಾರರ ಗ್ರಂಥಗಳಿಂದ ಪುಷ್ಟಿಗೊಂಡಿತು. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಶಬ್ದಗಳ ಪಟ್ಟಿಯನ್ನು ಪೀಠಿಕೆಯಲ್ಲಿ ಕೊಟ್ಟಿರುವುದು ಮಾತ್ರ ಅವರ ಸ್ವತಂತ್ರ ವಿಚಾರ. ಅದರಲ್ಲಿ ಎಲ್ಲವನ್ನೂ ಮುಂದಿನವರು ಒಪ್ಪದಿದ್ದರೂ, ಪ್ರಶ್ನೆಯನ್ನು ಎತ್ತಿದ ಹಿರಿಮೆ ಅದಕ್ಕಿದೆ. ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ಈ ನಿಘಂಟನ್ನು ೧೯೬೮ರಿಂದ ಸಂಪುಟಗಳಾಗಿ ಪುನಃ ಪ್ರಕಟಿಸಿದುದು ಅದರ ಬಾಳಿಕೆಗೆ ಪ್ರಮಾಣ.

೯. ಉಪಸಂಹಾರ

ಈ ವಿಚಾರದಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಬಾಸೆಲ್ ಮಿಶನರಿಗಳ ಕನ್ನಡ ವಿದ್ವತ್ತನ್ನು ಬಿಡುವಿನ ವಿನೋದವೆಂದು ಎಣಿಸಿದರೆ, ಅದಕ್ಕೆ ಸಾಮಗ್ರಿಯನ್ನು ಒದಗಿಸಿದ ಶಾಲೆ, ಸಂಚಾರ, ವರದಿಗಳು ಮರೆಯಾಗುತ್ತವೆ. ಬರಿಯ ಉಪಾಯವೆಂದು ಎಣಿಸಿದರೆ, ಉಪಾಯಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿ ಅವರು ಮಾಡಿದುದಕ್ಕೆ ಕಾರಣ ತಿಳಿಯದೆ ಹೋಗುತ್ತದೆ. ಅವರು ಬಂದುದು ಹೇಳುವುದಕ್ಕೆ. ಹೇಳಬೇಕಾದರೆ ಮೊದಲು ಕೇಳಬೇಕಾಯಿತು. ಕೇಳಿದುದನ್ನು ಬರೆದಿಡುವುದು ಅವರ ನಿಯಮವಾಗಿದ್ದಿತು. ತಾವು ಹೇಳಿದುದಕ್ಕೆ ಅವರು ನಿರೀಕ್ಷಿಸಿದಷ್ಟು ಫಲ ಕಾಣಲಿಲ್ಲ. ಕೇಳಿ ಬರೆದಿಟ್ಟುದು ಕನ್ನಡಿಗರೆಲ್ಲರ ಸೊತ್ತಾಯಿತು.

ಅವರ ದೃಷ್ಟಿಗೆ ಮಿತಿಗಳೂ ಇದ್ದುವು. ಈ ನಾಡಿನ ದೇವತಾರಾಧನೆಯನ್ನು ಕುರಿತು ಅವರು ತಮ್ಮ ಸಮಿತಿಗೆ ಬರೆದ ಮಾತುಗಳಲ್ಲಿ ಅನುದಾರವಾದುವು ಬಹಳ ಉಂಟು. ಆ ಬರೆಹಗಳನ್ನು ಚರಿತ್ರೆಯ ಆಧಾರವಾಗಿ ಬಳಸುವವರು ಈ ಎಚ್ಚರವನ್ನು ಬಿಡಬಾರದು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಪ್ರತಿಯೊಂದು ಗ್ರಂಥದ ಹಿಂದೆಯೂ ಇದ್ದ ಮುನ್ಶಿಗಳು, ಲಿಪಿಕಾರರು, ಹಾಡನ್ನೂ ಗಾದೆಯನ್ನೂ ಹೇಳಿಕೊಟ್ಟವರು ಇವರಲ್ಲಿ ಬಹುಮಂದಿಯ ಹೆಸರು ಗ್ರಂಥಗಳಲ್ಲಿ ಉಳಿದಿಲ್ಲ. ಬಾಸೆಲಿನ ದಫ್ತರಖಾನೆಯ ಪತ್ರಗಳನ್ನೂ ಮಂಗಳೂರಿನಲ್ಲಿ ಉಳಿದಿರುವ ಕಾಗದಗಳನ್ನೂ ಈ ದೃಷ್ಟಿಯಿಂದ ಶೋಧಿಸಿದರೆ ಕೆಲವು ಹೆಸರುಗಳಾದರೂ ಬೆಳಕಿಗೆ ಬಂದಾವು. ಜರ್ಮನ್ ಭಾಷೆಯನ್ನೂ ಹಳೆಯ ಕನ್ನಡ ಕೈಬರಹವನ್ನೂ ಬಲ್ಲ ತರುಣ ವಿದ್ವಾಂಸರು ಕೈಕೊಳ್ಳಬೇಕಾದ ಕಾರ್ಯವಿದು.

ತರಗತಿಯಲ್ಲಿ ಕಿಟ್ಟೆಲ್ ನಿಘಂಟನ್ನು ತೆರೆದು ಶಬ್ದವೊಂದರ ಅರ್ಥವನ್ನು ಹೇಳುವ ಉಪಾಧ್ಯಾಯರು, ಅದರ ಕೆಳಗೆ ಕೊಟ್ಟಿರುವ ಗಾದೆಯನ್ನೂ ಓದಿ ಹೇಳುವುದು ಒಳ್ಳೆಯದು. ಆ ಗಾದೆಯನ್ನು ಒಂದು ದಿನ ಯಾರೋ ಒಬ್ಬರು ಆಡಿದರು. ಪರದೇಶದಿಂದ ಬಂದವನೊಬ್ಬನು ಅದನ್ನು ಕೇಳಿ, ಆ ರಾತ್ರಿ ಬರೆದುಕೊಂಡನು. ಆಡಿದವರ ಹೆಸರು ಉಳಿಯಲಿಲ್ಲ, ಮಾತು ಉಳಿಯಿತು.